11, 12, 24: ಟೆನಿಸ್ ಲೆಕ್ಕದಲ್ಲಿ ಕಾಣದ ಖಾಲಿ ಮನೆಗಳು

ಈ ಸಲದ ಮಾತು ಪುರುಷರ ವೃತ್ತಿಪರ ಟೆನಿಸ್ ಬಗ್ಗೆ. ವಿಡಿಯೊ ನೋಡೋಕೆ ಪುರುಸೊತ್ತು ಇಲ್ಲದವರು, ಲೋಕಲ್ ಟ್ರೈನಲ್ಲೋ ಮೆಟ್ರೋದಲ್ಲೋ ನಿಂತುಕೊಂಡೇ ಓದೋರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅವರಿಗಾಗಿ ಅದೇ ಮಾತನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ.

ಮೊದಲು ಮೂರು ಸಂಖ್ಯೆ. ರಾಡ್ ಲೇವರ್ ಗೆದ್ದ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳು 11. ರಾಯ್ ಎಮರ್ಸನ್ ಗೆದ್ದದ್ದು 12. ನೊವಾಕ್ ಜೊಕೊವಿಚ್ 24. ಈ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹಾಕಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಎಮರ್ಸನ್ ಲೇವರ್‌ಗಿಂತ ಮೇಲೆ ಬರ್ತಾರೆ. ಆದರೆ ಆ ಕಾಲದ ಟೆನಿಸ್ ನೋಡಿದವರಲ್ಲಿ ಬಹುತೇಕ ಯಾರೂ ಹಾಗೆ ಹೇಳೋದಿಲ್ಲ. ಯಾಕೆ?

ನಾನು ಸಾಫ್ಟ್‌ವೇರ್ ಕೆಲಸದವನು. ದಿನಾ ಡೇಟಾಬೇಸ್ ಜೊತೆ ಗುದ್ದಾಟ. ಅಲ್ಲಿ ಹೊಸಬರಿಗೆ ಮೊದಲ ವಾರವೇ ಹೇಳಿಕೊಡೋ ಒಂದು ವಿಷಯ ಇದೆ: ಸೊನ್ನೆ ಬೇರೆ, ಖಾಲಿ ಬೇರೆ. ಒಬ್ಬ ಹುಡುಗ ಪರೀಕ್ಷೆ ಬರೆದು ಸೊನ್ನೆ ತಗೊಂಡ ಅನ್ನೋದು ಒಂದು, ಅವನನ್ನು ಪರೀಕ್ಷೆ ಕೋಣೆಯ ಒಳಗೇ ಬಿಡಲಿಲ್ಲ ಅನ್ನೋದು ಇನ್ನೊಂದು. ಎರಡನ್ನೂ ಒಂದೇ ಅಂತ ಕೂಡಿಸಿದರೆ ಸರಾಸರಿ ತಪ್ಪುತ್ತೆ, ತೀರ್ಮಾನವೂ ತಪ್ಪುತ್ತೆ. ಟೆನಿಸ್ ಇತಿಹಾಸದ ಪಟ್ಟಿಯಲ್ಲಿ ಇಂಥ ಖಾಲಿ ಮನೆಗಳು ತುಂಬಾ ಇವೆ. ನಾವು ಅವನ್ನೆಲ್ಲ ಸೊನ್ನೆ ಅಂತ ಓದ್ತಾ ಇದ್ದೀವಿ.

ದುಡ್ಡು ಮುಟ್ಟಿದವರಿಗೆ ಬಾಗಿಲು ಬಂದ್

1968ಕ್ಕೆ ಮುಂಚೆ ವಿಂಬಲ್ಡನ್ ಸೇರಿ ನಾಲ್ಕೂ ದೊಡ್ಡ ಟೂರ್ನಿಗಳು ಹವ್ಯಾಸಿಗಳಿಗೆ ಮಾತ್ರ. ಆಟ ಆಡಿ ಬಹಿರಂಗವಾಗಿ ಹಣ ತಗೊಂಡರೆ ನೀವು ವೃತ್ತಿಪರರು, ಆಮೇಲೆ ಆ ಅಂಕಣಗಳಿಗೆ ಕಾಲಿಡೋ ಹಾಗಿಲ್ಲ. ಬಹಿರಂಗವಾಗಿ ಅಂದೆ, ಗಮನಿಸಿ. ಮೇಜಿನ ಕೆಳಗಿಂದ, ಪ್ರಯಾಣ ಭತ್ಯೆ ಅಂತ, ಖರ್ಚಿಗೆ ಅಂತ ಹಣ ಕೈ ಬದಲಾಗ್ತಾನೇ ಇತ್ತು. ಟೂರ್ನಿ ನಡೆಸೋರಿಗೂ ಗೊತ್ತು, ಸಂಘದವರಿಗೂ ಗೊತ್ತು. ಹೆಸರಿಗೆ ಮಾತ್ರ ಎಲ್ಲರೂ ಹವ್ಯಾಸಿಗಳು.

ಹಾಗಾದರೆ ಬಹಿರಂಗವಾಗಿ ಹಣ ತಗೊಂಡವರು ಏನು ಮಾಡ್ತಾ ಇದ್ರು? ನಮ್ಮ ಕಂಪನಿ ನಾಟಕಗಳನ್ನು ನೆನಪಿಸಿಕೊಳ್ಳಿ. ಊರಿಂದ ಊರಿಗೆ ಸಾಮಾನು ಹೊತ್ತು ಹೋಗಿ, ಅಲ್ಲೇ ರಂಗಸಜ್ಜಿಕೆ ಎಬ್ಬಿಸಿ, ಆಟ ಮುಗಿದ ಮೇಲೆ ಬಿಚ್ಚಿ ಮುಂದಿನ ಊರಿಗೆ. ಜ್ಯಾಕ್ ಕ್ರೇಮರ್ ಎಂಬ ಅಮೆರಿಕದ ಮಾಜಿ ವಿಂಬಲ್ಡನ್ ಚಾಂಪಿಯನ್ ನಡೆಸ್ತಿದ್ದ ವೃತ್ತಿಪರ ಪ್ರವಾಸ ಹೆಚ್ಚುಕಡಿಮೆ ಹೀಗೇ ಇತ್ತು. ಸುತ್ತಿಕೊಂಡು ಹೋಗಬಹುದಾದ ಕ್ಯಾನ್ವಾಸ್ ಅಂಕಣವನ್ನು ಜಿಮ್ನೇಶಿಯಂಗಳಲ್ಲಿ, ಐಸ್ ಸ್ಕೇಟಿಂಗ್ ಅಂಗಳಗಳಲ್ಲಿ ಹಾಸಿ ರಾತ್ರಿ ಪಂದ್ಯ. ಇಬ್ಬರೇ ಆಟಗಾರರು ತಿಂಗಳುಗಟ್ಟಲೆ ಒಬ್ಬರ ಮೇಲೊಬ್ಬರು ಆಡೋದು. 1949-50ರಲ್ಲಿ ಕ್ರೇಮರ್ ಮತ್ತು ಪಾಂಚೊ ಗೊನ್ಸಾಲೆಸ್ ನಡುವಿನ ಸರಣಿ 96-27ಕ್ಕೆ ಮುಗಿಯಿತು. ಒಟ್ಟು 123 ಪಂದ್ಯ! ಇವುಗಳಲ್ಲಿ ಒಂದೂ ಇವತ್ತಿನ ಗ್ರ್ಯಾನ್‌ಸ್ಲಾಮ್ ಪಟ್ಟಿಗೆ ಬರೋದಿಲ್ಲ.

ಗೊನ್ಸಾಲೆಸ್ 1948 ಮತ್ತು 1949ರಲ್ಲಿ ಅಮೆರಿಕನ್ ಚಾಂಪಿಯನ್‌ಷಿಪ್ ಗೆದ್ದು, 21ನೇ ವಯಸ್ಸಿಗೆ ವೃತ್ತಿಪರರಾದವರು. ಕ್ರೇಮರ್ ಕೈಯಲ್ಲಿ ಸೋತರೂ ಮುಂದೆ 1950ರ ದಶಕದ ವೃತ್ತಿಪರ ಟೆನಿಸ್‌ಗೆ ಅವರೇ ರಾಜ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇರೋದು 2. ಕೆನ್ ರೋಸ್‌ವಾಲ್ 1956ರ ಕೊನೆಯ ಹೊತ್ತಿಗೆ 4 ಪ್ರಶಸ್ತಿ ಗೆದ್ದು ವೃತ್ತಿಪರರಾದರು. ಮುಂದಿನ 11 ವರ್ಷ ಖಾಲಿ. ಬಾಗಿಲು ತೆರೆದ ಮೇಲೆ, 33 ದಾಟಿದ ವಯಸ್ಸಿನಲ್ಲಿ ವಾಪಸ್ ಬಂದು ಇನ್ನೂ 4 ಗೆದ್ದರು. ಮಧ್ಯದ 11 ವರ್ಷದಲ್ಲಿ ಎಷ್ಟು ಬರ್ತಿತ್ತು? ನಾನು ಊಹಿಸೋಕೆ ಹೋಗಲ್ಲ. ಆದರೆ ಅದು ಸೊನ್ನೆ ಅಲ್ಲ ಅನ್ನೋದಂತೂ ಖಚಿತ.

ಈಗ ಎಮರ್ಸನ್ ಮತ್ತು ಲೇವರ್ ಲೆಕ್ಕಕ್ಕೆ ಬರೋಣ. 1962ರಲ್ಲಿ ಲೇವರ್ ಒಂದೇ ವರ್ಷ ನಾಲ್ಕೂ ಪ್ರಶಸ್ತಿ ಗೆದ್ದರು. ವರ್ಷದ ಕೊನೆಗೆ ವೃತ್ತಿಪರರಾದರು. 1963ರಿಂದ 1967, ಐದು ವರ್ಷ ಅವರಿಗೆ ಪ್ರವೇಶ ಇಲ್ಲ. ಎಮರ್ಸನ್ ಹವ್ಯಾಸಿಯಾಗಿಯೇ ಉಳಿದರು. ಅವರ 12 ಪ್ರಶಸ್ತಿಗಳಲ್ಲಿ 10 ಬಂದದ್ದು ಇದೇ ಐದು ವರ್ಷಗಳಲ್ಲಿ. ಎಮರ್ಸನ್ ಸಾಮಾನ್ಯ ಆಟಗಾರ ಅಂತ ಖಂಡಿತ ಹೇಳ್ತಾ ಇಲ್ಲ. ಉಳಿದ ಎರಡನ್ನು ಅವರು 1961ರಲ್ಲಿ ಗೆದ್ದದ್ದು ಲೇವರ್ ಅವರನ್ನೇ ಫೈನಲ್‌ನಲ್ಲಿ ಸೋಲಿಸಿ. ಆದರೆ ಪಕ್ಕದ ಮನೆ ಖಾಲಿ ಯಾಕಿತ್ತು ಅಂತ ಕೇಳದೆ 12 ದೊಡ್ಡದು, 11 ಚಿಕ್ಕದು ಅಂದರೆ ಅದು ಗಣಿತ ಅಷ್ಟೇ, ಇತಿಹಾಸ ಅಲ್ಲ.

1968: ಬಾಗಿಲು ತೆರೆಯಿತು, ಪೂರ್ತಿ ಅಲ್ಲ

1967ರ ಆಗಸ್ಟ್‌ನಲ್ಲಿ ವಿಂಬಲ್ಡನ್‌ನ ಅದೇ ಸೆಂಟರ್ ಕೋರ್ಟ್‌ನಲ್ಲಿ ವೃತ್ತಿಪರರಿಗೆ ಅಂತ ಒಂದು ಟೂರ್ನಿ ನಡೆಯಿತು, ಬಿಬಿಸಿ ಪ್ರಾಯೋಜಕತ್ವದಲ್ಲಿ. ಲೇವರ್ ಫೈನಲ್‌ನಲ್ಲಿ ರೋಸ್‌ವಾಲ್ ಅವರನ್ನು ಸೋಲಿಸಿದರು. ಜನ ಕಿಕ್ಕಿರಿದು ಬಂದರು. ಒಳ್ಳೆ ಆಟಗಾರರು ಹೊರಗಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತಿದ್ದ ಗುಟ್ಟು, ಅವತ್ತು ಬಟಾಬಯಲಾಯಿತು. ಅದೇ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸಂಘ ಹವ್ಯಾಸಿ-ವೃತ್ತಿಪರ ಭೇದವನ್ನೇ ತೆಗೆದುಹಾಕಲು ಮತ ಹಾಕಿತು. 1968ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿತು. ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಮೊದಲ ಮುಕ್ತ ಟೂರ್ನಿ. ಅಲ್ಲಿ ಮಾರ್ಕ್ ಕಾಕ್ಸ್ ಎಂಬ ಹವ್ಯಾಸಿ, 39 ದಾಟಿದ್ದ ಗೊನ್ಸಾಲೆಸ್ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಿ ದೊಡ್ಡ ಸುದ್ದಿಯಾದರು. ಪ್ರಶಸ್ತಿ ಗೆದ್ದದ್ದು ಮಾತ್ರ ರೋಸ್‌ವಾಲ್.

ಆ ವರ್ಷದ ಒಂದು ಘಟನೆ ನನಗೆ ತುಂಬಾ ಇಷ್ಟ. ಮೊದಲ ಯು.ಎಸ್. ಓಪನ್ ಗೆದ್ದದ್ದು ಆರ್ಥರ್ ಆ್ಯಶ್. ಆಗ ಅವರು ಅಮೆರಿಕ ಸೇನೆಯಲ್ಲಿ ಲೆಫ್ಟಿನೆಂಟ್, ಅಧಿಕೃತವಾಗಿ ಹವ್ಯಾಸಿ. ಹಾಗಾಗಿ ಬಹುಮಾನದ ಹಣ ಮುಟ್ಟೋ ಹಾಗಿಲ್ಲ, ದಿನಭತ್ಯೆ ಮಾತ್ರ. ಫೈನಲ್‌ನಲ್ಲಿ ಸೋತ ಟಾಮ್ ಒಕ್ಕರ್ 14,000 ಡಾಲರ್ ಚೆಕ್ ತಗೊಂಡು ಹೋದರು! ಹಳೇ ನಿಯಮ, ಹೊಸ ನಿಯಮ ಎರಡೂ ಒಂದೇ ಅಂಕಣದಲ್ಲಿ ನಿಂತಿದ್ದವು.

ಮರುವರ್ಷ, 1969ರಲ್ಲಿ, ಲೇವರ್ ಮತ್ತೆ ನಾಲ್ಕನ್ನೂ ಗೆದ್ದರು. ಈ ಸಲ ಎಲ್ಲರೂ ಆಡ್ತಾ ಇದ್ದಾಗ. ಒಂದೇ ವರ್ಷದಲ್ಲಿ ನಾಲ್ಕೂ ಗೆಲ್ಲೋದನ್ನು ಆಮೇಲೆ ಪುರುಷರ ಸಿಂಗಲ್ಸ್‌ನಲ್ಲಿ ಫೆಡರರ್, ನಡಾಲ್, ಜೊಕೊವಿಚ್ ಯಾರಿಗೂ ಮಾಡೋಕೆ ಆಗಿಲ್ಲ.

ಬಾಗಿಲು ತೆರೆದ ಮೇಲೂ ಜಗಳ ನಿಲ್ಲಲಿಲ್ಲ. 1972ರಲ್ಲಿ ಖಾಸಗಿ ವೃತ್ತಿಪರ ಸಂಸ್ಥೆಯ ಜೊತೆ ಒಪ್ಪಂದ ಇದ್ದವರನ್ನು ಒಕ್ಕೂಟ ಹೊರಗಿಟ್ಟಿತು. ಹಿಂದಿನ ವರ್ಷ ವಿಂಬಲ್ಡನ್ ಗೆದ್ದಿದ್ದ ಜಾನ್ ನ್ಯೂಕಂಬ್ ಪ್ರಶಸ್ತಿ ಉಳಿಸಿಕೊಳ್ಳೋಕೆ ಅಂಕಣಕ್ಕೇ ಬರೋಕಾಗಲಿಲ್ಲ. 1973ರಲ್ಲಿ ಯುಗೊಸ್ಲಾವಿಯಾದ ನಿಕೊಲಾ ಪಿಲಿಚ್ ಮೇಲಿನ ಅಮಾನತನ್ನು ವಿರೋಧಿಸಿ 81 ಆಟಗಾರರು ವಿಂಬಲ್ಡನ್ ಬಹಿಷ್ಕರಿಸಿದರು. ಅದರ ಹಿಂದೆ ಇದ್ದದ್ದು ಹೊಸದಾಗಿ ಕಟ್ಟಿದ್ದ ಆಟಗಾರರ ಸಂಘ, ಎಟಿಪಿ. ಆ ವರ್ಷ ನಮ್ಮ ವಿಜಯ್ ಅಮೃತರಾಜ್ ಕ್ವಾರ್ಟರ್ ಫೈನಲ್ ತನಕ ಹೋಗಿ, ಕೊನೆಗೆ ಚಾಂಪಿಯನ್ ಆದ ಯಾನ್ ಕೊಡೆಸ್ ಎದುರು ಐದು ಸೆಟ್‌ಗಳಲ್ಲಿ ಸೋತರು. 1974ರಲ್ಲಿ ಜಿಮ್ಮಿ ಕಾನರ್ಸ್ ಆಸ್ಟ್ರೇಲಿಯನ್, ವಿಂಬಲ್ಡನ್, ಯು.ಎಸ್. ಮೂರೂ ಗೆದ್ದರು. ಫ್ರೆಂಚ್ ಟೂರ್ನಿಗೆ ಅವರನ್ನು ಸೇರಿಸಲೇ ಇಲ್ಲ, ಅಮೆರಿಕದ ಟೀಮ್ ಟೆನಿಸ್ ಜೊತೆ ಒಪ್ಪಂದ ಇತ್ತು ಅಂತ. ಇನ್ನೊಂದು ಖಾಲಿ ಮನೆ.

ಕಾಲ ಕೆಳಗಿನ ನೆಲ

ಇಲ್ಲಿವರೆಗೆ ಯಾರು ಆಡಬಹುದಿತ್ತು ಅನ್ನೋ ಪ್ರಶ್ನೆ. ಎರಡನೇ ಪ್ರಶ್ನೆ, ಎಲ್ಲಿ ಆಡ್ತಿದ್ರು?

1974ರ ತನಕ ನಾಲ್ಕರಲ್ಲಿ ಮೂರು ಟೂರ್ನಿ ಹುಲ್ಲಿನ ಮೇಲೆ. ಹುಲ್ಲಿನ ಮೇಲೆ ಚೆಂಡು ಜಾರುತ್ತೆ, ತಗ್ಗಾಗಿ ಬರುತ್ತೆ, ಎಲ್ಲಿ ಹೇಗೆ ಪುಟಿಯುತ್ತೆ ಅನ್ನೋ ಭರವಸೆ ಇಲ್ಲ. ಹಾಗಾಗಿ ನೆಲಕ್ಕೆ ಬೀಳೋಕೆ ಬಿಡದೆ ಹೊಡೆಯೋದೇ ಜಾಣತನ. ಸರ್ವ್ ಮಾಡು, ನೆಟ್‌ಗೆ ಓಡು, ವಾಲಿ ಹೊಡಿ. ಫ್ರೆಂಚ್ ಓಪನ್‌ನ ಆವೆಮಣ್ಣು ಇದಕ್ಕೆ ಪೂರ್ತಿ ಉಲ್ಟಾ. ಚೆಂಡು ನಿಧಾನ, ಪುಟಿತ ಎತ್ತರ, ತಾಳ್ಮೆ ಇದ್ದವನೇ ಗೆಲ್ಲೋದು.

1975ರಲ್ಲಿ ಯು.ಎಸ್. ಓಪನ್ ಹುಲ್ಲು ಬಿಟ್ಟು ಮಣ್ಣಿಗೆ ಬಂತು, 1978ರಲ್ಲಿ ಹಾರ್ಡ್ ಕೋರ್ಟ್‌ಗೆ. ಕಾನರ್ಸ್ 1974ರಲ್ಲಿ ಹುಲ್ಲಿನ ಮೇಲೆ, 1976ರಲ್ಲಿ ಮಣ್ಣಿನ ಮೇಲೆ, 1978ರಲ್ಲಿ ಹಾರ್ಡ್ ಕೋರ್ಟ್ ಮೇಲೆ, ಒಂದೇ ಟೂರ್ನಿಯನ್ನು ಮೂರು ನೆಲದಲ್ಲಿ ಗೆದ್ದರು. 1988ರಲ್ಲಿ ಆಸ್ಟ್ರೇಲಿಯನ್ ಓಪನ್ ಕೂಡ ಹುಲ್ಲು ಬಿಟ್ಟಿತು. ಉಳಿದದ್ದು ವಿಂಬಲ್ಡನ್ ಒಂದೇ. ಅದೂ 2001ರ ಹೊತ್ತಿಗೆ ಹುಲ್ಲಿನ ತಳಿ ಬದಲಾಯಿಸಿತು. ಮೊದಲು 70 ಭಾಗ ರೈ, 30 ಭಾಗ ಫೆಸ್ಕ್ಯೂ ಅನ್ನೋ ತಳಿ ಬೆರೆಸ್ತಿದ್ರು. ಆಮೇಲೆ ಪೂರ್ತಿ ರೈ ಹುಲ್ಲು. ತುಳಿತಕ್ಕೆ ತಾಳಿಕೊಳ್ಳಲಿ ಅನ್ನೋದು ಉದ್ದೇಶ. ಆದರೆ ನೆಲ ಗಟ್ಟಿಯಾದ ಹಾಗೆ ಪುಟಿತವೂ ಎತ್ತರ ಆಯಿತು, ನಂಬೋ ಹಾಗೂ ಆಯಿತು.

ಇದರ ಪರಿಣಾಮ ದಾಖಲೆಯಲ್ಲೇ ಕಾಣುತ್ತೆ. ಒಂದೇ ವರ್ಷ ಫ್ರೆಂಚ್ ಮತ್ತು ವಿಂಬಲ್ಡನ್ ಎರಡೂ ಗೆಲ್ಲೋದು ಅತಿ ಕಷ್ಟದ ಕೆಲಸ ಅಂತ ಲೆಕ್ಕ. ಬ್ಯೋನ್ ಬೋರ್ಗ್ ಅದನ್ನು 1978, 79, 80, ಮೂರು ವರ್ಷ ಸತತ ಮಾಡಿದರು. ಆಮೇಲೆ 28 ವರ್ಷ ಯಾವ ಗಂಡಸಿಗೂ ಆಗಲಿಲ್ಲ. 14 ಪ್ರಶಸ್ತಿಗಳ ಪೀಟ್ ಸಾಂಪ್ರಾಸ್‌ಗೆ ಫ್ರೆಂಚ್ ಓಪನ್ ಫೈನಲ್ ಕೂಡ ತಲುಪೋಕೆ ಆಗಲಿಲ್ಲ. ಮತ್ತೆ 2008ರಲ್ಲಿ ನಡಾಲ್, 2009ರಲ್ಲಿ ಫೆಡರರ್, 2010ರಲ್ಲಿ ಪುನಃ ನಡಾಲ್, 2021ರಲ್ಲಿ ಜೊಕೊವಿಚ್, 2024ರಲ್ಲಿ ಅಲ್ಕರಾಜ್. ವೃತ್ತಿಜೀವನದಲ್ಲಿ ನಾಲ್ಕನ್ನೂ ಒಂದೊಂದು ಸಲವಾದರೂ ಗೆದ್ದವರನ್ನು ನೋಡಿದರೂ ಅದೇ ಕಥೆ. 1969ರ ಲೇವರ್ ನಂತರ 30 ವರ್ಷ ಕಾದು 1999ರಲ್ಲಿ ಅಗಾಸಿ ಒಬ್ಬರು. ಆಮೇಲೆ 2009, 2010, 2016ರಲ್ಲಿ ಫೆಡರರ್, ನಡಾಲ್, ಜೊಕೊವಿಚ್.

ಇವರೆಲ್ಲ ಅಸಾಧಾರಣ ಆಟಗಾರರು, ಅನುಮಾನವೇ ಬೇಡ. ಆದರೆ ಇಷ್ಟು ಹತ್ತಿರ ಹತ್ತಿರ ಇಷ್ಟು ಜನಕ್ಕೆ ಸಾಧ್ಯವಾಯಿತು ಅಂದರೆ ನಾಲ್ಕು ನೆಲಗಳ ನಡುವಿನ ದೂರವೂ ಕಡಿಮೆಯಾಗಿದೆ ಅಂತಲೂ ಅರ್ಥ. ಬೋರ್ಗ್ ಎರಡು ವಾರದಲ್ಲಿ ದಾಟಿದ ಹೊಳೆ ಆಗ ಇನ್ನೂ ಅಗಲವಾಗಿತ್ತು.

ಕೈಯಲ್ಲಿನ ರ‍್ಯಾಕೆಟ್, ಅದರೊಳಗಿನ ತಂತಿ

1981ರ ವಿಂಬಲ್ಡನ್ ಫೈನಲ್‌ನಲ್ಲಿ ಬೋರ್ಗ್, ಮೆಕೆನ್ರೊ ಇಬ್ಬರ ಕೈಯಲ್ಲೂ ಮರದ ರ‍್ಯಾಕೆಟ್. ಚೆಂಡು ಹೊಡೆಯೋ ಭಾಗದ ವಿಸ್ತಾರ ಸುಮಾರು 65ರಿಂದ 70 ಚದರ ಇಂಚು. ಈಗಿನ ರ‍್ಯಾಕೆಟ್‌ಗಳು ಸುಮಾರು 100 ಚದರ ಇಂಚು, ಗ್ರಾಫೈಟ್, ಹಗುರ, ಬಿಗಿ. ಮರದ ರ‍್ಯಾಕೆಟ್‌ನಲ್ಲಿ ಚೆಂಡು ಮಧ್ಯಕ್ಕೆ ತಾಗದಿದ್ದರೆ ಕೈ ತಿರುಚಿಕೊಳ್ತಿತ್ತು. ದೊಡ್ಡ ರ‍್ಯಾಕೆಟ್ ಅಂಚಿನ ಹೊಡೆತವನ್ನೂ ಕ್ಷಮಿಸುತ್ತೆ.

ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಬದಲಾವಣೆ ತಂತಿಯದ್ದು. ಇಲ್ಲೊಂದು ಮಜಾ ಕಥೆ ಇದೆ. 1970ರ ದಶಕದಲ್ಲಿ ವರ್ನರ್ ಫಿಷರ್ ಎಂಬ ಜರ್ಮನ್ ತೋಟಗಾರಿಕೆಯವರು ಒಂದು ವಿಚಿತ್ರ ರ‍್ಯಾಕೆಟ್ ಮಾಡಿದರು. ಎರಡು ಪದರ ತಂತಿ, ಹೆಣೆಯದೆ ಬಿಟ್ಟದ್ದು. ತಂತಿಗಳು ಜಾರಿ ವಾಪಸ್ ಬರೋದರಿಂದ ಚೆಂಡಿಗೆ ಭಯಂಕರ ಸ್ಪಿನ್. ಜನ ಇಟ್ಟ ಹೆಸರು ಸ್ಪಗೆಟ್ಟಿ ರ‍್ಯಾಕೆಟ್. 1977ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ಇಲಿ ನಸ್ತಾಸೆ ಅದನ್ನು ಹಿಡಿದು ಫೈನಲ್‌ಗೆ ಬಂದರು. ಎದುರಿಗೆ ಗಿಯೆರ್ಮೊ ವಿಲಾಸ್, ಸತತ 46 ಪಂದ್ಯ ಗೆದ್ದು ಬಂದವರು. ಎರಡು ಸೆಟ್ ಸೋತ ವಿಲಾಸ್, ಇದು ಟೆನಿಸ್ಸೇ ಅಲ್ಲ ಅನ್ನೋ ಸಿಟ್ಟಿನಲ್ಲಿ ಆಟ ಬಿಟ್ಟು ನಡೆದರು. ಅವರ ಸರಣಿ ಅಲ್ಲಿಗೆ ಮುಗಿಯಿತು. ಆ ರ‍್ಯಾಕೆಟ್‌ಗೆ ನಿಷೇಧ ಬಿತ್ತು, ತಂತಿ ಹೇಗಿರಬೇಕು ಅನ್ನೋ ನಿಯಮವೂ ಬಂತು.

ಇಪ್ಪತ್ತು ವರ್ಷ ಮುಂದೆ ಬನ್ನಿ. 1997ರ ಫ್ರೆಂಚ್ ಓಪನ್. 66ನೇ ರ‍್ಯಾಂಕಿನ ಬ್ರೆಜಿಲ್ ಹುಡುಗ ಗುಸ್ತಾವೊ ಕುಯರ್ಟೆನ್ ಪ್ರಶಸ್ತಿ ಗೆಲ್ತಾರೆ. ಅವರ ರ‍್ಯಾಕೆಟ್‌ನಲ್ಲಿ ಇದ್ದದ್ದು ಪಾಲಿಯೆಸ್ಟರ್ ತಂತಿ. ಈ ತಂತಿ ನುಣುಪು, ಬಿಗಿ. ಚೆಂಡು ತಾಗಿದಾಗ ಪಕ್ಕಕ್ಕೆ ಜಾರಿ, ಚೆಂಡು ಬಿಡೋ ಮುಂಚೆ ಪಟ್ ಅಂತ ವಾಪಸ್ ಜಾಗಕ್ಕೆ ಬರುತ್ತೆ. ಹೋಗ್ತಾ ಹೋಗ್ತಾ ಚೆಂಡನ್ನು ತಿರುಗಿಸಿಬಿಡುತ್ತೆ. ಅಂದರೆ ಸ್ಪಗೆಟ್ಟಿ ರ‍್ಯಾಕೆಟ್ ಮಾಡಿದ ಕೆಲಸವನ್ನೇ ನಿಯಮದೊಳಗೆ ಇದ್ದುಕೊಂಡು ಮಾಡಿತು. ಮುಂಬಾಗಿಲಲ್ಲಿ ತಡೆದದ್ದು ಹಿತ್ತಿಲಿಂದ ಒಳಗೆ ಬಂತು.

ಟಾಪ್‌ಸ್ಪಿನ್ ಇದ್ದರೆ ಏನಾಗುತ್ತೆ? ಮುಂದಕ್ಕೆ ತಿರುಗ್ತಾ ಹೋಗೋ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತೆ. ಹಾಗಾಗಿ ಎಷ್ಟು ಜೋರಾಗಿ ಹೊಡೆದರೂ ಗೆರೆಯೊಳಗೆ ಬಂದು ಬೀಳುತ್ತೆ. ನೆಟ್‌ಗೆ ಓಡಿ ಬಂದವನ ಕಾಲ ಬುಡಕ್ಕೇ ಚೆಂಡು ಇಳಿಸಬಹುದು. ಸರ್ವ್ ಮಾಡಿ ಓಡಿಬರೋ ಆಟ ಸತ್ತದ್ದು ಹೀಗೆ. ಹುಲ್ಲು, ತಂತಿ ಎರಡೂ ಸೇರಿ ಕೊಂದವು. 2001ರಲ್ಲಿ ವಿಂಬಲ್ಡನ್‌ನಲ್ಲಿ ಸಾಂಪ್ರಾಸ್ ಅವರನ್ನು ಸೋಲಿಸಿದ ಫೆಡರರ್ ಆ ಪಂದ್ಯದಲ್ಲಿ ಪದೇ ಪದೇ ನೆಟ್‌ಗೆ ಓಡ್ತಾ ಇದ್ದರು. ಅದೇ ಫೆಡರರ್, ಅದೇ ಸೆಂಟರ್ ಕೋರ್ಟ್, ಕೆಲವೇ ವರ್ಷಗಳಲ್ಲಿ ಹೆಚ್ಚು ಹೊತ್ತು ಬೇಸ್‌ಲೈನ್ ಬಳಿ ನಿಂತು ಗೆಲ್ಲೋಕೆ ಶುರು ಮಾಡಿದರು. 2002ರ ಫೈನಲ್ ಆಡಿದ ಲೇಟನ್ ಹ್ಯೂಯಿಟ್, ಡೇವಿಡ್ ನಲ್ಬಾಂಡಿಯನ್ ಇಬ್ಬರೂ ಬೇಸ್‌ಲೈನ್‌ನವರೇ.

ಹೋಗದೇ ಬಿಟ್ಟ ಟೂರ್ನಿಗಳು

ಇನ್ನೊಂದು ಬಗೆಯ ಖಾಲಿ ಮನೆ ಇದೆ. ಇಲ್ಲಿ ಯಾರೂ ತಡೆಯಲಿಲ್ಲ, ಆಟಗಾರರೇ ಹೋಗಲಿಲ್ಲ. ಬೋರ್ಗ್ ಆಸ್ಟ್ರೇಲಿಯನ್ ಓಪನ್ ಆಡಿದ್ದು ಜೀವನದಲ್ಲಿ ಒಂದೇ ಸಲ, 1974ರಲ್ಲಿ. ಕಾನರ್ಸ್ ಎರಡು ಸಲ. ದೂರದ ಪ್ರಯಾಣ, ಕ್ರಿಸ್‌ಮಸ್ ಹೊಸವರ್ಷದ ಹೊತ್ತು, ಬಹುಮಾನವೂ ಕಡಿಮೆ. ಅಗಾಸಿ ಕೂಡ ಅಲ್ಲಿಗೆ ಮೊದಲ ಸಲ ಹೋದದ್ದು 1995ರಲ್ಲಿ. ಹೋದವರೇ ಗೆದ್ದು ಬಂದರು!

ಆಗ ಯಾರೂ ಗ್ರ್ಯಾನ್‌ಸ್ಲಾಮ್ ಸಂಖ್ಯೆಯನ್ನು ಈಗಿನ ಹಾಗೆ ಎಣಿಸ್ತಾ ಕೂತಿರಲಿಲ್ಲ. ಬೋರ್ಗ್ 11 ಗೆದ್ದು 26ನೇ ವಯಸ್ಸಿಗೆ ಆಟ ಬಿಟ್ಟರು. ಎಮರ್ಸನ್ ಅವರ 12 ಎಂಬ ದಾಖಲೆ ದೊಡ್ಡ ಸುದ್ದಿಯಾದದ್ದು 2000ದ ಹೊತ್ತಿಗೆ ಸಾಂಪ್ರಾಸ್ ಅದನ್ನು ಮುರಿಯೋಕೆ ಬಂದಾಗ. ಗುರಿಯೇ ಅಲ್ಲದ ಸಂಖ್ಯೆಯನ್ನು ಇಟ್ಟುಕೊಂಡು, ಅದರಲ್ಲಿ ನೀನು ಹಿಂದೆ ಬಿದ್ದೆ ಅಂತ ಹಳಬರಿಗೆ ಹೇಳೋದು, ವರ್ಷದ ಕೊನೆಯಲ್ಲಿ ಹೊಸ ಮಾನದಂಡ ತಂದು ಇಡೀ ವರ್ಷದ ಕೆಲಸ ಅಳೆಯೋ ಅಪ್ರೈಸಲ್ ಥರ. ಐಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ 24 ಏನೂ ಅಲ್ವಾ?

ಖಂಡಿತ ಹಾಗಲ್ಲ. ಇಂದಿನವರ ಲೆಕ್ಕದಲ್ಲಿ ಖಾಲಿ ಮನೆ ಕಡಿಮೆ, ಇದೇ ಅವರ ದಾಖಲೆಯ ದೊಡ್ಡ ಬಲ. 1973ರಿಂದ ಕಂಪ್ಯೂಟರ್ ರ‍್ಯಾಂಕಿಂಗ್ ಇದೆ. 1990ರಿಂದ ಎಟಿಪಿ ಟೂರ್ ಇದೆ. ಮೈ ಸರಿಯಿದ್ದರೆ ಎಲ್ಲರೂ ನಾಲ್ಕೂ ಟೂರ್ನಿ ಆಡ್ತಾರೆ. ಬೋರ್ಗ್‌ಗೆ ಬೇಡವಾಗಿದ್ದ ಮೆಲ್ಬರ್ನ್‌ಗೆ ಜೊಕೊವಿಚ್ ಹತ್ತು ಸಲ ಗೆದ್ದ ರಾಜ. ಎದುರಾಳಿ ಹೊರಗಿದ್ದ, ಅದಕ್ಕೇ ಗೆದ್ದ ಅನ್ನೋ ಮಾತು ಇವರಿಗೆ ಅಷ್ಟಾಗಿ ಅನ್ವಯಿಸಲ್ಲ. ನಡಾಲ್ ಮತ್ತು ಫೆಡರರ್ ಎದುರಿಗಿದ್ದಾಗಲೇ ಜೊಕೊವಿಚ್ 24ರ ಬಹುಪಾಲು ಗೆದ್ದದ್ದು.

ಹಾಗೇ ಇವರಿಗೆ ಸಿಕ್ಕ ಅನುಕೂಲಗಳನ್ನೂ ಬರೆದಿಡಬೇಕು. 2001ರ ವಿಂಬಲ್ಡನ್‌ನಿಂದ ಶ್ರೇಯಾಂಕ ಕೊಡೋರ ಸಂಖ್ಯೆ 16ರಿಂದ 32 ಆಯಿತು. ದೊಡ್ಡ ಆಟಗಾರನಿಗೆ ಮೊದಲೆರಡು ಸುತ್ತಿನಲ್ಲಿ ಬಲವಾದ ಎದುರಾಳಿ ಸಿಗೋ ಅಪಾಯ ಕಡಿಮೆ. ಹಣ ಬೆಳೆಯಿತು. 1968ರಲ್ಲಿ ವಿಂಬಲ್ಡನ್ ಗೆದ್ದ ಲೇವರ್‌ಗೆ 2,000 ಪೌಂಡ್, 2025ರ ವಿಜೇತನಿಗೆ 30 ಲಕ್ಷ ಪೌಂಡ್. ಆ ಹಣದಲ್ಲಿ ಫಿಸಿಯೊ, ಟ್ರೇನರ್, ಅಡುಗೆಯವರು ಎಲ್ಲ ಜೊತೆಗೇ ಇರ್ತಾರೆ. ಫೆಡರರ್, ನಡಾಲ್, ಜೊಕೊವಿಚ್, ಮೂವರೂ 36ನೇ ವಯಸ್ಸಿನಲ್ಲಿ ಗ್ರ್ಯಾನ್‌ಸ್ಲಾಮ್ ಗೆದ್ದಿದ್ದಾರೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರು. ಇದೆಲ್ಲದರ ನಡುವೆ, 37ನೇ ವಯಸ್ಸಿನಲ್ಲಿ ಇಂಥ ಯಾವ ಪರಿವಾರವೂ ಇಲ್ಲದೆ 1972ರ ಆಸ್ಟ್ರೇಲಿಯನ್ ಓಪನ್ ಗೆದ್ದ ರೋಸ್‌ವಾಲ್ ಅವರನ್ನು ಒಮ್ಮೆ ನೆನೆಯಿರಿ.

ಚೆನ್ನೈನ ಒಂದು ಹೆಸರು

ಕೊನೆಯದಾಗಿ ನಮಗೆ ಹತ್ತಿರದ ಒಬ್ಬರ ಲೆಕ್ಕ. ರಾಮನಾಥನ್ ಕೃಷ್ಣನ್. ಚೆನ್ನೈನಲ್ಲಿರೋ ನಮ್ಮ ಓದುಗರಿಗೆ ಪರಿಚಯದ ಹೆಸರು. 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್. ಮೊದಲ ಸಲ ನೀಲ್ ಫ್ರೇಸರ್, ಎರಡನೇ ಸಲ ಲೇವರ್ ಎದುರು ಸೋಲು. ಆ ಎರಡೂ ವರ್ಷ ಅವರನ್ನು ಸೋಲಿಸಿದವರೇ ಚಾಂಪಿಯನ್. ಕ್ರೇಮರ್ ಅವರ ವೃತ್ತಿಪರ ತಂಡದಿಂದ ಕೃಷ್ಣನ್‌ಗೂ ಕರೆ ಬಂದಿತ್ತು. ಅವರು ಒಪ್ಪಲಿಲ್ಲ. ಹವ್ಯಾಸಿಯಾಗಿ ಉಳಿದು ಡೇವಿಸ್ ಕಪ್ ಆಡಿದರು. 1966ರಲ್ಲಿ ಭಾರತ ಫೈನಲ್ ತಲುಪಿತು. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಎದುರು ಸೋತರೂ, ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಡಬಲ್ಸ್‌ನಲ್ಲಿ ನ್ಯೂಕಂಬ್-ರೋಷ್ ಜೋಡಿಯನ್ನು ಸೋಲಿಸಿದರು.

ಅವರ ಲೆಕ್ಕವನ್ನೂ ಅದೇ ಪ್ರಾಮಾಣಿಕತೆಯಲ್ಲಿ ಓದಬೇಕು. ಆ ಎರಡು ಸೆಮಿಫೈನಲ್‌ಗಳ ವರ್ಷ ಗೊನ್ಸಾಲೆಸ್, ರೋಸ್‌ವಾಲ್ ವಿಂಬಲ್ಡನ್‌ನಲ್ಲಿ ಇರಲಿಲ್ಲ. ಇದು ನಿಜ, ನಮ್ಮವರು ಅಂತ ಮುಚ್ಚಿಡೋದು ಬೇಡ. ಹಾಗೇ, ಬಾಗಿಲು ತೆರೆದು ಎಲ್ಲರೂ ಒಟ್ಟಿಗೆ ಆಡೋ ಕಾಲ ಬಂದಾಗ ಕೃಷ್ಣನ್‌ಗೆ 31 ಆಗಿತ್ತು. 23-24ರ ಕೃಷ್ಣನ್ ಮುಕ್ತ ಟೆನಿಸ್‌ನಲ್ಲಿ ಎಲ್ಲಿ ನಿಲ್ತಿದ್ದರು ಅನ್ನೋ ಪ್ರಶ್ನೆಗೆ ಯಾವ ಪಟ್ಟಿಯಲ್ಲೂ ಉತ್ತರ ಇಲ್ಲ. ಹೋದವರಿಗೆ ವಿಂಬಲ್ಡನ್ ತಪ್ಪಿತು, ಉಳಿದವರಿಗೆ ದುಡಿಮೆಯೂ ತಪ್ಪಿತು, ತಮ್ಮ ಕಾಲದ ಅತಿ ಬಲಶಾಲಿಗಳ ಎದುರು ಅಳೆದು ನೋಡಿಕೊಳ್ಳೋ ಅವಕಾಶವೂ ತಪ್ಪಿತು. ಒಂದೇ ನಿಯಮ, ಎರಡೂ ಕಡೆಯವರ ಒಳ್ಳೆಯ ವರ್ಷಗಳನ್ನು ತಿಂದುಹಾಕಿತು.

2024 ಮತ್ತು 2025ರ ಎಂಟೂ ಗ್ರ್ಯಾನ್‌ಸ್ಲಾಮ್‌ಗಳನ್ನು ಸಿನ್ನರ್, ಅಲ್ಕರಾಜ್ ಇಬ್ಬರೇ ಹಂಚಿಕೊಂಡರು, ತಲಾ ನಾಲ್ಕು. ಇನ್ನು ಹತ್ತು ವರ್ಷದಲ್ಲಿ ಇವರ ಸಂಖ್ಯೆಯನ್ನೂ 24ರ ಪಕ್ಕದಲ್ಲಿಟ್ಟು ಜಗಳ ಆಡ್ತೀವಿ, ಆಡೋಣ, ಅದೂ ಆಟದ ಮಜಾನೇ. ಆಡುವಾಗ ಲೇವರ್ ಹೆಸರಿನ ಮುಂದಿನ 1963ರಿಂದ 1967ರ ಮನೆಗಳಲ್ಲಿ ಸೊನ್ನೆ ಮಾತ್ರ ಬರೀಬೇಡಿ. ಅಲ್ಲಿ ಖಾಲಿ ಬಿಡಿ.

ಇಷ್ಟು ಇವತ್ತಿಗೆ. ನಿಮ್ಮ ಮನೆಯಲ್ಲಿ ಕೃಷ್ಣನ್ ಅಥವಾ ವಿಜಯ್ ಅಮೃತರಾಜ್ ಆಟವನ್ನು ಕಣ್ಣಾರೆ ನೋಡಿದ ಹಿರಿಯರು ಇದ್ದರೆ ಅವರ ಹತ್ತಿರ ಒಂದು ಸಲ ಕೂತು ಕೇಳಿ, ಕೇಳಿದ್ದನ್ನು ನಮಗೂ ಬರೆದು ಕಳಿಸಿ.